ಹೊಗೆಯನ್ನಷ್ಟೇ ಕೇಳುವ ನಮೂನೆ: ಆರೋಗ್ಯ ಇಲಾಖೆಗಳಿಗೊಂದು ಬಹಿರಂಗ ಪತ್ರ

ಗೆ,
ಗರ್ಭಿಣಿಯರ ತಪಾಸಣೆಯ ನಿಯಮಗಳನ್ನು ರೂಪಿಸುವ ಆರೋಗ್ಯ ಇಲಾಖೆಗಳ ಅಧಿಕಾರಿಗಳಿಗೆ ಹಾಗೂ ಪ್ರಸೂತಿ ತಜ್ಞರ ಸಂಘಗಳಿಗೆ

ವಿಷಯ: ಮೊದಲ ತಪಾಸಣೆಯಲ್ಲಿ ಕೇಳುವ ಒಂದು ಪ್ರಶ್ನೆಯನ್ನು ಬದಲಿಸುವ ಕುರಿತು

ಮಾನ್ಯರೇ,

ಮೊದಲ ಸಲ ತಪಾಸಣೆಗೆ ಬಂದ ಗರ್ಭಿಣಿಯರ ವಿವರ ಬರೆದುಕೊಳ್ಳುವ ಶುಶ್ರೂಷಕಿ ನಾನು. ನನ್ನ ಮುಂದಿರುವ ನಮೂನೆಯಲ್ಲಿ ಎತ್ತರ, ತೂಕ, ರಕ್ತದ ಗುಂಪು, ಹಿಂದಿನ ಹೆರಿಗೆಗಳು, ಮನೆತನದ ಕಾಯಿಲೆಗಳು ಎಲ್ಲಕ್ಕೂ ಧಾರಾಳ ಜಾಗವಿದೆ. ಕೊನೆಯ ಪುಟದ ಅಡಿಯಲ್ಲಿ ಒಂದು ಸಾಲು: ‘ಧೂಮಪಾನದ ಅಭ್ಯಾಸ ಇದೆಯೇ? ಹೌದು / ಇಲ್ಲ.’ ಪಕ್ಕದಲ್ಲಿ ಎರಡು ಪುಟ್ಟ ಚೌಕಗಳು. ಈ ಪತ್ರ ಆ ಒಂದು ಸಾಲಿನ ಬಗ್ಗೆ.

ಅಲ್ಲಿ ನಾನು ಬರೆದುಕೊಂಡ ಉತ್ತರಗಳಲ್ಲಿ ಬಹುಪಾಲು ‘ಇಲ್ಲ’. ಆ ‘ಇಲ್ಲ’ದ ಒಳಗೆ ಯಾರೆಲ್ಲ ಇದ್ದಾರೆ ಎಂಬುದನ್ನು ತಾವು ನೋಡಬೇಕು. ದವಡೆಯಲ್ಲಿ ತಂಬಾಕು ಒತ್ತಿಕೊಂಡೇ ನನ್ನೆದುರು ಕೂತವರಿದ್ದಾರೆ; ಅವರು ಸುಳ್ಳು ಹೇಳಿದವರಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟವರು. ವಸಡಿಗೆ ನಶ್ಯ ತಿಕ್ಕುವವರಿದ್ದಾರೆ. ತಂಬಾಕು ಬೆರೆತ ಹಲ್ಲುಪುಡಿ ಬಳಸುವವರಿದ್ದಾರೆ; ಅದನ್ನು ಅವರು ತಂಬಾಕಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಸಿರು ಗೊತ್ತಾದ ದಿನವೇ ಸಿಗರೇಟು ಎಸೆದು ಇ-ಸಿಗರೇಟು ಹಿಡಿದ ಒಬ್ಬಾಕೆ, ‘ಮಗುವಿಗಾಗಿ ಬಿಟ್ಟೆ’ ಎಂದು ಹೆಮ್ಮೆಯಿಂದ ಹೇಳಿದರು. ಆಕೆಯ ಮನಸ್ಸು ಒಳ್ಳೆಯದು, ಮಾಹಿತಿ ಅರ್ಧ. ತಂಬಾಕಿನಲ್ಲಿ ಚಟ ಹಿಡಿಸುವ ವಸ್ತುವೇ ನಿಕೋಟಿನ್; ಅದನ್ನು ತುಂಬಿ ತುಟಿಯೊಳಗೆ ಇಟ್ಟುಕೊಳ್ಳುವ ಪೊಟ್ಟಣ ಬಳಸುವ ಎಳೆಯ ಹೆಣ್ಣುಮಕ್ಕಳೂ ಈಗ ಬರುತ್ತಿದ್ದಾರೆ. ಗಂಡ ಅದೇ ಕೋಣೆಯಲ್ಲಿ ಸೇದುವಾಗ ಪಕ್ಕದಲ್ಲಿ ಮಲಗುವವರ ಬಗ್ಗೆಯಂತೂ ನಮೂನೆಗೆ ಕುತೂಹಲವೇ ಇಲ್ಲ. ಎಲ್ಲರಿಗೂ ಒಂದೇ ಚೌಕ. ವೈದ್ಯರು ಹಾಳೆ ತಿರುವುತ್ತಾರೆ, ‘ಇಲ್ಲ’ ಕಾಣುತ್ತದೆ, ಮುಂದಕ್ಕೆ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ನಮೂನೆ ಕೇಳದ್ದನ್ನು ಅವರು ಎಲ್ಲಿಂದ ಓದಬೇಕು?

ಹೊಗೆ ಕೆಟ್ಟದ್ದು ಎಂಬುದರಲ್ಲಿ ತಕರಾರಿಲ್ಲ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಮಗುವಿಗೆ ಸೇರಬೇಕಾದ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಉಳಿದ ಸಾವಿರಾರು ರಾಸಾಯನಿಕಗಳ ಕಥೆ ಬೇರೆಯೇ ಇದೆ. ಆದರೆ ಬೆಳೆಯುತ್ತಿರುವ ಮೆದುಳಿನ ಮಟ್ಟಿಗೆ ನಿಕೋಟಿನ್ ತಾನೊಂದೇ ಸಾಕಷ್ಟು ಕೆಡಿಸಬಲ್ಲದು. ಅದು ಹೊಗೆಯಲ್ಲಿ ಬಂತೋ, ಎಲೆಯಲ್ಲಿ ಬಂತೋ, ಹಣ್ಣಿನ ವಾಸನೆಯ ಆವಿಯಲ್ಲಿ ಬಂತೋ, ಮೆದುಳಿಗೆ ತಿಳಿಯುವುದಿಲ್ಲ. ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2014ರ ವರದಿ ಇದನ್ನು ಬಿಡಿಸಿಯೇ ಹೇಳಿದೆ: ಗರ್ಭದಲ್ಲಿರುವಾಗ ನಿಕೋಟಿನ್ ತಾಗಿದರೆ ಮೆದುಳಿನ ಬೆಳವಣಿಗೆಯ ಮೇಲೆ ಬಹುಕಾಲ ಉಳಿಯುವ ಕೆಟ್ಟ ಪರಿಣಾಮವಾಗುತ್ತದೆ ಎಂದು ತೀರ್ಮಾನಿಸಲು ಪುರಾವೆ ಸಾಕಷ್ಟಿದೆ. ಅಷ್ಟು ವರ್ಷ ಕಳೆದರೂ ನಮ್ಮ ನಮೂನೆ ಇನ್ನೂ ಹೊಗೆಯ ಹಿಂದೆಯೇ ಇದೆ.

ಇದು ಆಗುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ. ತಾವು ಬಲ್ಲವರೇ; ಆದರೆ ಈ ಪತ್ರವನ್ನು ಬಸುರಿಯರೂ ಅವರ ಮನೆಯವರೂ ಓದಲಿ ಎಂಬ ಆಸೆ ನನ್ನದು. ನಿಕೋಟಿನ್‌ಗೆ ಮಾಸು ತಡೆಯಲ್ಲ. ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಸುಮಾರು ಶೇ 15ರಷ್ಟು ಹೆಚ್ಚು ಮಗುವಿನ ರಕ್ತದಲ್ಲಿ ಕಂಡುಬಂದಿದೆ. ಮಗು ತೇಲುತ್ತಿರುವ ನೀರಿನಲ್ಲಿ ಅದು ಇನ್ನೂ ಹೆಚ್ಚು ಸೇರಿಕೊಳ್ಳುತ್ತದೆ, ಆ ನೀರನ್ನು ಮಗು ನುಂಗುತ್ತಲೇ ಇರುತ್ತದೆ. ದೊಡ್ಡವರ ದೇಹದಲ್ಲಿ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಸಾಕು. ಆಗ ತಾನೇ ಹುಟ್ಟಿದ ಶಿಶುವಿನಲ್ಲಿ ಅದಕ್ಕೆ ಸುಮಾರು ಹನ್ನೊಂದು ಗಂಟೆ ಬೇಕು. ಜೊತೆಗೆ ಗರ್ಭಕೋಶದ ಕಡೆಗೆ ಹರಿಯುವ ರಕ್ತನಾಳಗಳನ್ನೂ ನಿಕೋಟಿನ್ ಬಿಗಿಯುತ್ತದೆ.

ಮೆದುಳಿನೊಳಗೆ ನಡೆಯುವುದು ಇನ್ನೂ ಸೂಕ್ಷ್ಮ. ನರಕೋಶಗಳು ತಮ್ಮೊಳಗೆ ಸಂದೇಶ ಸಾಗಿಸಲು ಬಳಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಅದನ್ನು ಹಿಡಿದುಕೊಳ್ಳಲು ಕೋಶದ ಮೇಲಿರುವ ಗ್ರಾಹಕಗಳಲ್ಲಿ (ರಿಸೆಪ್ಟರ್) ಒಂದು ಬಗೆಗೆ ನಿಕೋಟಿನ್ ಕೂಡ ಹಾಗೆಯೇ ಹೊಂದಿಕೊಳ್ಳುತ್ತದೆ. ಮನುಷ್ಯರ ಭ್ರೂಣದಲ್ಲಿ ಈ ಗ್ರಾಹಕಗಳು ಮೊದಲ ಮೂರು ತಿಂಗಳೊಳಗೇ ಕಾಣಿಸಿಕೊಳ್ಳುತ್ತವೆ. ಅಷ್ಟು ಬೇಗ ಅವುಗಳಿಗೆ ಸಂದೇಶ ಸಾಗಿಸುವ ಕೆಲಸವಿಲ್ಲ, ಮೆದುಳನ್ನು ಕಟ್ಟುವ ಕೆಲಸವಿದೆ. ಯಾವ ಕೋಶ ಎಷ್ಟು ಸಲ ಒಡೆದು ಇಮ್ಮಡಿಯಾಗಬೇಕು, ಎಲ್ಲಿಗೆ ಸರಿಯಬೇಕು, ಯಾವಾಗ ನಿಂತು ತನ್ನ ಪಾಲಿನ ರೂಪ ತಾಳಬೇಕು, ಯಾರೊಂದಿಗೆ ಬೆಸೆದುಕೊಳ್ಳಬೇಕು, ಇವೆಲ್ಲದರ ಹೊತ್ತನ್ನು ಅಸಿಟೈಲ್‌ಕೋಲಿನ್ ಸೂಚಿಸುತ್ತಿರುತ್ತದೆ. ನಿಕೋಟಿನ್ ಬಂದು ಅದೇ ಸೂಚನೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ, ಬಿಡುವಿಲ್ಲದೆ ಕೊಡುತ್ತದೆ. ಗೋಡೆ ಏಳುವ ಮೊದಲೇ ಛಾವಣಿ ಹಾಕಲು ಕೂಗಿದಂತೆ: ಇನ್ನೂ ಹೆಚ್ಚಬೇಕಾದ ಕೋಶಗಳು ಹೆಚ್ಚುವುದನ್ನು ನಿಲ್ಲಿಸುತ್ತವೆ, ಕೆಲವು ಸಾಯುತ್ತವೆ, ಬೆಸುಗೆಗಳು ತಪ್ಪುತ್ತವೆ.

ಇದನ್ನು ಮನುಷ್ಯರ ಮೇಲೆ ಪ್ರಯೋಗಿಸಿ ನೋಡುವಂತಿಲ್ಲ, ನೋಡಲೂ ಕೂಡದು. ಆದ್ದರಿಂದ ನಮಗಿರುವ ಸ್ಪಷ್ಟ ಚಿತ್ರ ಪ್ರಾಣಿಗಳದ್ದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಥಿಯೋಡರ್ ಸ್ಲಾಟ್ಕಿನ್ ಮತ್ತು ಸಂಗಡಿಗರು ಗಬ್ಬದ ಇಲಿಗಳ ಚರ್ಮದಡಿ ಪುಟ್ಟ ಪಂಪು ಕೂರಿಸಿ ನಿಕೋಟಿನ್ ಒಂದನ್ನೇ ಸಮನಾಗಿ ಹರಿಸಿದರು. ಹೊಗೆಯಿಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ, ಟಾರ್ ಇಲ್ಲ. ಆದರೂ ಮರಿಗಳ ಮೆದುಳಿನಲ್ಲಿ ಕೋಶಗಳು ಕಡಿಮೆಯಾದವು, ನರಸಂದೇಶಗಳ ಚಟುವಟಿಕೆ ಕುಗ್ಗಿತು. ಹುಟ್ಟಿನ ತೂಕ ಕಡಿಮೆಯಾಗದಷ್ಟು ಸಣ್ಣ ಪ್ರಮಾಣದಲ್ಲೂ ಹೀಗಾಯಿತು. ತಕ್ಕಡಿಯ ಮೇಲೆ ಮಲಗಿಸಿ ‘ತೂಕ ಸರಿಯಿದೆ, ಮಗು ಚೆನ್ನಾಗಿದೆ’ ಎಂದುಬಿಡುವ ನಮ್ಮ ಅಭ್ಯಾಸಕ್ಕೆ ಇದು ಒಗ್ಗದ ಸಂಗತಿ. ಅದೇ ತಂಡ ಇನ್ನೊಂದನ್ನೂ ಕಂಡಿತು. ಆಮ್ಲಜನಕ ಕಡಿಮೆಯಾದಾಗ ನವಜಾತ ಮರಿಯ ದೇಹ ತನ್ನನ್ನು ಉಳಿಸಿಕೊಳ್ಳಲು ಒಮ್ಮೆಲೇ ಬಿಡುಗಡೆ ಮಾಡುವ ಹಾರ್ಮೋನುಗಳು ನಿಕೋಟಿನ್ ತಾಗಿದ್ದ ಮರಿಗಳಲ್ಲಿ ಬರಲಿಲ್ಲ, ಹಲವು ಮರಿಗಳು ಸತ್ತವು.

ಮನುಷ್ಯರಲ್ಲಿಯೂ ಉಸಿರಾಟದ ಈ ಎಳೆ ಕಾಣುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟಿದರೆ ಎಚ್ಚರಗೊಳಿಸುವುದು ಮೆದುಳಿನ ಕಾಂಡದ ಕೆಲಸ. ಸಿಯಾಟಲ್‌ನ ಸಂಶೋಧಕರು ಅಮೆರಿಕದ 2007ರಿಂದ 2011ರವರೆಗಿನ ಸುಮಾರು ಎರಡು ಕೋಟಿ ಜನನಗಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಸಿರಿನಲ್ಲಿ ಸೇದಿದವರ ಶಿಶುಗಳು ಹಠಾತ್ತನೆ ಸಾಯುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚು. ದಿನಕ್ಕೆ ಒಂದೇ ಸಿಗರೇಟು ಕೂಡ ಅಪಾಯವನ್ನು ಇಮ್ಮಡಿಸುತ್ತದೆ. ಅಲ್ಲಿಂದ ಮೇಲಕ್ಕೆ ಒಂದೊಂದು ಸಿಗರೇಟಿಗೂ ಇನ್ನಷ್ಟು ಏರುತ್ತದೆ. ‘ದಿನಕ್ಕೆ ಒಂದೋ ಎರಡೋ, ಅಷ್ಟೇ ಸಿಸ್ಟರ್’ ಎನ್ನುವವರಿಗೆ ಇದನ್ನು ಹೇಳಲು ನನಗೆ ಎರಡು ನಿಮಿಷ ಬೇಕು. ನಮೂನೆ ಆ ಎರಡು ನಿಮಿಷವನ್ನೂ ಕೊಡುವುದಿಲ್ಲ.

ಇದು ಹೊಗೆಯ ಲೆಕ್ಕವಲ್ಲವೇ, ನಿಕೋಟಿನ್‌ನದು ಎಂದು ಹೇಗೆ ಹೇಳುತ್ತೀರಿ ಎಂದು ತಾವು ಕೇಳಬಹುದು. ಸ್ವೀಡನ್ನಿನ ಉದಾಹರಣೆ ಅದಕ್ಕಾಗಿಯೇ ನನಗೆ ಮುಖ್ಯ. ಅಲ್ಲಿ ತುಟಿಯಡಿ ಇಟ್ಟುಕೊಳ್ಳುವ ಸ್ನೂಸ್ ಎಂಬ ತಂಬಾಕಿನ ಬಳಕೆ ಹೆಚ್ಚು. ಅಲ್ಲಿನ ಜನನ ದಾಖಲೆಯಲ್ಲಿ 1999ರಿಂದ ಗರ್ಭಿಣಿಯ ಸ್ನೂಸ್ ಬಳಕೆಯನ್ನೂ ಬೇರೆಯಾಗಿ ಬರೆದಿಡಲಾಗುತ್ತಿದೆ. ಹಾಗೆ ಬರೆದಿಟ್ಟ ಕಾರಣಕ್ಕೇ, ಹೊಗೆ ಸೋಕದೆ ಸ್ನೂಸ್ ಮಾತ್ರ ಬಳಸಿದ ತಾಯಂದಿರ ಶಿಶುಗಳಲ್ಲಿ ಉಸಿರು ನಿಂತುಹೋಗುವ ತೊಂದರೆ ಹೆಚ್ಚು ಎಂಬುದು 2011ರಲ್ಲಿ ಹೊರಬಿತ್ತು. ಅವಧಿಗೆ ಮುನ್ನ ಹೆರಿಗೆ, ಗರ್ಭದಲ್ಲೇ ಮಗುವಿನ ಸಾವು ಇವುಗಳ ಅಪಾಯವೂ ಅದೇ ದಾಖಲೆಗಳಿಂದ ತಿಳಿಯಿತು. ಮುಂಬೈಯಲ್ಲಿ 1,217 ಗರ್ಭಿಣಿಯರನ್ನು ಹಿಂಬಾಲಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನವೂ ಹೊಗೆರಹಿತ ತಂಬಾಕಿನ ಬಗ್ಗೆ ನೇರವಾಗಿ ಕೇಳಿತು; ಬಳಸುವವರ ಶಿಶುಗಳು ಸರಾಸರಿ 105 ಗ್ರಾಂ ಹಗುರವಾಗಿದ್ದವು, ಹೆರಿಗೆ ಸುಮಾರು ಆರು ದಿನ ಮುಂಚೆ ಆಗುತ್ತಿತ್ತು. ಕೇಳಿದವರಿಗೆ ಉತ್ತರ ಸಿಕ್ಕಿದೆ, ಮಾನ್ಯರೇ. ನಾವು ಕೇಳುತ್ತಿಲ್ಲ.

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ವಿಚಾರಕ್ಕೆ ಬಂದಾಗ ನಾನು ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕುತನ ಇವುಗಳಿಗೂ ಗರ್ಭದಲ್ಲಿ ತಾಗಿದ ನಿಕೋಟಿನ್‌ಗೂ ನಂಟು ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಫಿನ್ಲೆಂಡಿನಲ್ಲಿ ಗರ್ಭಿಣಿಯರ ರಕ್ತದ ಮಾದರಿಗಳನ್ನು ಕಾಪಿಟ್ಟಿದ್ದರು. ಅದರಲ್ಲಿ ನಿಕೋಟಿನ್‌ನಿಂದ ಉಳಿಯುವ ಕೋಟಿನೈನ್ ಎಷ್ಟಿತ್ತೆಂದು ಅಳೆದಾಗ, ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಗಮನ ಕೊರತೆಯ ತೊಂದರೆ ಎರಡು ಪಟ್ಟಿಗಿಂತ ಹೆಚ್ಚು ಸಾಧ್ಯತೆಯಿಂದ ಕಂಡಿತು. 2019ರ ವರದಿ ಅದು. ತಾಯಿಯ ಬಾಯಿಮಾತನ್ನು ನೆಚ್ಚದ ಲೆಕ್ಕವಾದ್ದರಿಂದ ಅದಕ್ಕೆ ತೂಕ ಹೆಚ್ಚು.

ಆದರೆ ಒಂದೇ ತಾಯಿಯ ಇಬ್ಬರು ಮಕ್ಕಳನ್ನು, ಒಂದು ಬಸಿರಿನಲ್ಲಿ ಸೇದಿದ್ದು, ಇನ್ನೊಂದರಲ್ಲಿ ಸೇದದಿದ್ದದ್ದು, ಹೋಲಿಸಿದಾಗ ಈ ನಂಟು ಬಹಳ ಸಡಿಲವಾಗುತ್ತದೆ. ಬೇರೆಯವರ ಅಂಡ ಅಥವಾ ಭ್ರೂಣದಿಂದ ಗರ್ಭ ಧರಿಸಿದ, ಅಂದರೆ ಮಗುವಿನೊಡನೆ ವಂಶವಾಹಿಯ ನಂಟಿಲ್ಲದ ತಾಯಂದಿರನ್ನು ನೋಡಿದ 2009ರ ಬ್ರಿಟಿಷ್ ಅಧ್ಯಯನದಲ್ಲಿ, ಸೇದಿದವರ ಮಕ್ಕಳ ಹುಟ್ಟಿನ ತೂಕ ನಂಟಿದ್ದವರ ಮಕ್ಕಳಂತೆಯೇ ಇಳಿದಿತ್ತು. ಗಮನ ಕೊರತೆಯ ಲಕ್ಷಣಗಳು ಮಾತ್ರ ವಂಶವಾಹಿಯ ನಂಟಿದ್ದ ತಾಯಂದಿರ ಮಕ್ಕಳಲ್ಲೇ ಹೆಚ್ಚು ಎದ್ದು ಕಂಡವು. ಅಂದರೆ ಆ ತೊಂದರೆಯಲ್ಲಿ ಒಂದು ಪಾಲು ಮನೆತನದಿಂದ ಬಂದದ್ದು. ಹೀಗಿರುವಾಗ ‘ನಿನ್ನ ಚಟದಿಂದಲೇ ಮಗು ಹೀಗಾಯಿತು’ ಎಂದು ತಾಯಿಯ ಮುಖಕ್ಕೆ ಹೇಳುವ ಹಕ್ಕು ಯಾವ ವೈದ್ಯರಿಗೂ, ಯಾವ ಅತ್ತೆಗೂ ಇಲ್ಲ. ವಿಜ್ಞಾನ ಹೇಳುವುದು ಅಪಾಯವನ್ನು. ಒಬ್ಬ ಮಗುವಿನ ಮೇಲೆ ತೀರ್ಪನ್ನಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಈ ಪ್ರಶ್ನೆ ಕೇಳುತ್ತಾ ಅಳುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರಿಗೆ ಬಸಿರಿನಲ್ಲಿ ಯಾರೂ ಏನೂ ಕೇಳಿರಲಿಲ್ಲ, ಆಮೇಲೆ ಎಲ್ಲರೂ ಕೇಳಿದರು.

ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಿಂದ 2014ರಲ್ಲಿ ಬಂದ ವರದಿಯನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಆರರಿಂದ ಎಂಟು ವರ್ಷದ ಮಕ್ಕಳ ಮೆದುಳನ್ನು ಎಂಆರ್‌ಐ ಮೂಲಕ ನೋಡಿದ್ದರು. ಬಸಿರಿನುದ್ದಕ್ಕೂ ಸೇದಿದವರ ಮಕ್ಕಳಲ್ಲಿ ಮೆದುಳಿನ ಗಾತ್ರ ಕಿರಿದು, ಹೊರಪದರ ಕೆಲವೆಡೆ ತೆಳು. ಬಸಿರು ಗೊತ್ತಾದೊಡನೆ ಬಿಟ್ಟವರ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಬಿಟ್ಟವರ ಗುಂಪು ಚಿಕ್ಕದು ನಿಜ, ಆದ್ದರಿಂದ ಇದನ್ನು ಅಭಯಹಸ್ತವೆಂದು ಹೇಳಲಾರೆ. ಆದರೂ ಮೊದಲ ಭೇಟಿಯಲ್ಲೇ ಸರಿಯಾಗಿ ಕೇಳಬೇಕೆನ್ನಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಸರಿಯಾಗಿ ಕೇಳುವುದು ಎಂದರೆ ಏನು ಎಂಬುದೂ ಹೊಸ ವಿಚಾರವಲ್ಲ. 1991ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿದೆ: ‘ಸೇದುತ್ತೀರಾ, ಹೌದೋ ಅಲ್ಲವೋ’ ಎನ್ನುವ ಬದಲು ‘ಮೊದಲಿನಷ್ಟೇ ಇದೆ’, ‘ಬಸಿರಾದ ಮೇಲೆ ಕಡಿಮೆ ಮಾಡಿದ್ದೇನೆ’, ‘ಬಸಿರು ತಿಳಿದ ಮೇಲೆ ಬಿಟ್ಟೆ’ ಎಂಬಂಥ ಹಲವು ಆಯ್ಕೆ ಕೊಟ್ಟರೆ ನಿಜ ಹೇಳುವವರು ಶೇ 40ರಷ್ಟು ಹೆಚ್ಚುತ್ತಾರೆ. ಹೌದು ಎನ್ನಲು ನಾಚುವಾಕೆ ‘ಕಡಿಮೆ ಮಾಡಿದ್ದೇನೆ’ ಎನ್ನಲು ನಾಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಶಿಫಾರಸುಗಳಲ್ಲಿ ಪ್ರತಿ ಗರ್ಭಿಣಿಯನ್ನೂ ಆದಷ್ಟು ಬೇಗ, ಮತ್ತು ಪ್ರತಿ ಭೇಟಿಯಲ್ಲೂ, ಹಿಂದಿನ ಮತ್ತು ಈಗಿನ ತಂಬಾಕು ಬಳಕೆಯ ಬಗ್ಗೆಯೂ ಇತರರ ಹೊಗೆಯ ಬಗ್ಗೆಯೂ ಕೇಳಬೇಕೆಂದಿದೆ. ಧೂಮಪಾನ ಎಂದಲ್ಲ, ತಂಬಾಕು ಎಂದು. ಒಂದು ಸಲ ಅಲ್ಲ, ಪ್ರತಿ ಸಲ. ಅದನ್ನು ಓದಿದ ಮೇಲೆ ನಮ್ಮ ಎರಡು ಚೌಕಗಳನ್ನು ನೋಡಲು ನನಗೆ ಮುಜುಗರವಾಗುತ್ತದೆ.

ಇನ್ನೊಂದು ತೊಂದರೆ ನಮೂನೆಯದ್ದಲ್ಲ, ಜಾಗದ್ದು. ನಾನು ಕೇಳುವಾಗ ಬಸುರಿಯ ಬೆನ್ನಿಗೆ ಅತ್ತೆ ನಿಂತಿರುತ್ತಾರೆ, ಇಲ್ಲವೇ ಗಂಡ ನಿಂತಿರುತ್ತಾರೆ. ಎಷ್ಟೋ ಸಲ ಗಂಡನೇ ಉತ್ತರ ಹೇಳಿಬಿಡುತ್ತಾರೆ. ಅವರನ್ನು ಹೊರಗೆ ಕಳಿಸಿ ಕೇಳಿದಾಗ ಬರುವ ಉತ್ತರ ಬೇರೆ. ಆ ಉತ್ತರ ನಾಳೆ ತನ್ನ ವಿರುದ್ಧವೇ ಬಳಕೆಯಾಗುತ್ತದೆ ಎಂಬ ಭಯ ಇದ್ದರೆ ಅದೂ ಬರುವುದಿಲ್ಲ.

ಕೇಳಿದ ಮೇಲೆ ಏನು? ಇಲ್ಲಿ ನನ್ನ ಅಸಮಾಧಾನ ಇನ್ನೂ ಹೆಚ್ಚು. ‘ಬಿಟ್ಟುಬಿಡಿ’ ಎಂಬ ಒಂದು ಮಾತಿಗೆ ಆಪ್ತ ಸಲಹೆ ಎಂದು ಹೆಸರಿಟ್ಟು ನಾವು ಕೈ ತೊಳೆದುಕೊಳ್ಳುತ್ತೇವೆ. ಬಸಿರಿನಲ್ಲಿ ಬಿಡುವುದು ಮಾಮೂಲಿಗಿಂತ ಕಷ್ಟವಾಗಲು ದೇಹದಲ್ಲೇ ಒಂದು ಕಾರಣವಿದೆ. ಬಸುರಿಯ ದೇಹ ನಿಕೋಟಿನ್ನನ್ನು ಸುಮಾರು ಶೇ 60ರಷ್ಟು ವೇಗವಾಗಿ ಹೊರಹಾಕುತ್ತದೆ. ಬೇಗ ಖಾಲಿಯಾಗುವುದರಿಂದ ಬೇಗ ಬೇಕೆನಿಸುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂದು ನಾವು ಬೈಯುವ ಹೊತ್ತಿಗೆ ಆಕೆಯ ಯಕೃತ್ತು ಮಾಮೂಲಿಗಿಂತ ಹೆಚ್ಚು ದುಡಿಯುತ್ತಿರುತ್ತದೆ.

ಸಿಗರೇಟು ಬಿಡಲು ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ, ಅಂದರೆ ಪ್ಯಾಚ್ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಇಲ್ಲದಿದ್ದರೆ ಈ ಪತ್ರವನ್ನು ಓದಿದ ಯಾರಾದರೂ ಹೆದರಿ ಅದನ್ನು ಕಿತ್ತುಹಾಕಿ ಮತ್ತೆ ಸಿಗರೇಟು ಹಚ್ಚಿಯಾರು. ಇಂಗ್ಲೆಂಡಿನಲ್ಲಿ 1,050 ಗರ್ಭಿಣಿಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾಚಿನಿಂದ ಬಿಡುವವರ ಸಂಖ್ಯೆ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಒಂದು ತಿಂಗಳು ಮೀರಿ ಅದನ್ನು ಅಂಟಿಸಿಕೊಂಡವರೇ ಶೇ 7ರ ಸುಮಾರು. ಆದರೆ ಎರಡು ವರ್ಷದ ಬಳಿಕ ನೋಡಿದಾಗ, ಬೆಳವಣಿಗೆಯಲ್ಲಿ ತೊಂದರೆಯಿಲ್ಲದ ಮಕ್ಕಳು ಪ್ಯಾಚ್ ಪಡೆದವರಲ್ಲಿ ಶೇ 73, ನಿಕೋಟಿನ್ ಇಲ್ಲದ ಹುಸಿ ಪ್ಯಾಚ್ ಪಡೆದವರಲ್ಲಿ ಶೇ 65. ನಿಕೋಟಿನ್ ಪೂರ್ತಿ ಇಲ್ಲದಿರುವುದು ಎಲ್ಲಕ್ಕಿಂತ ಒಳ್ಳೆಯದು. ಬಿಡಲಾಗದೆ ಒದ್ದಾಡುವಾಕೆಗೆ ವೈದ್ಯರ ಕಣ್ಣಳತೆಯಲ್ಲಿ ಪ್ಯಾಚ್, ಹೊಗೆಗಿಂತ ಒಳ್ಳೆಯದು. ಈ ಎರಡು ಮಾತುಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಇದನ್ನು ಅವಳೆದುರು ಕೂತು ಬಿಡಿಸಿ ಹೇಳುವವರು ಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಸಿಗರೇಟು ಬಿಟ್ಟ ಬಸುರಿಯರಿಗೆ ಹಂತ ಹಂತವಾಗಿ 400 ಪೌಂಡ್‌ವರೆಗೆ ಖರೀದಿ ಚೀಟಿ ಕೊಟ್ಟು ನೋಡಿದರು: ಬಿಟ್ಟವರು ಶೇ 22.5, ಚೀಟಿಯಿಲ್ಲದೆ ಮಾಮೂಲಿ ನೆರವು ಪಡೆದವರಲ್ಲಿ ಶೇ 8.6. 2015ರ ಫಲಿತಾಂಶವಿದು. ಬಸುರಿಗೆ ಹಣ ಕೊಡುವುದೇ ಎಂದು ಮೂಗು ಮುರಿಯುವವರು ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ತೀವ್ರ ನಿಗಾ ಘಟಕದ ಖರ್ಚನ್ನು ಒಮ್ಮೆ ಲೆಕ್ಕ ಹಾಕಲಿ.

ತಮ್ಮಲ್ಲಿ ನಾನು ಕೇಳಿಕೊಳ್ಳುವುದು ಹೊಸ ಯೋಜನೆಯನ್ನಲ್ಲ, ಹೊಸ ಕಟ್ಟಡವನ್ನೂ ಅಲ್ಲ. ನಮೂನೆಯ ಆ ಸಾಲನ್ನು ಬದಲಿಸಿ. ಸೇದುವುದು, ಜಗಿಯುವುದು, ನಶ್ಯ, ಹಲ್ಲುಪುಡಿ, ಇ-ಸಿಗರೇಟು, ಪೊಟ್ಟಣ ಒಂದೊಂದನ್ನೂ ಹೆಸರು ಹಿಡಿದು, ಈಗ ಎಷ್ಟು, ಮೊದಲು ಎಷ್ಟು ಎಂದು ಕೇಳುವಂತಿರಲಿ. ಮನೆಯಲ್ಲಿ ಯಾರು ಸೇದುತ್ತಾರೆ ಎಂಬುದಕ್ಕೂ ಒಂದು ಕಾಲಂ ಇರಲಿ, ಸೇದುವ ಗಂಡನಿಗೂ ಅದೇ ದಿನ ಸಲಹೆ ಸಿಗಲಿ. ಪ್ರತಿ ಭೇಟಿಯಲ್ಲೂ ಮತ್ತೆ ಕೇಳುವುದು ಕಡ್ಡಾಯವಾಗಲಿ. ಹೆರಿಗೆಯ ನಂತರವೂ, ಏಕೆಂದರೆ ನಿಕೋಟಿನ್ ಎದೆಹಾಲಿಗೂ ಇಳಿಯುತ್ತದೆ. ಬಸುರಿಯನ್ನು ಒಬ್ಬಳೇ ಕೂರಿಸಿ ಮಾತಾಡಿಸಲು ಹತ್ತು ನಿಮಿಷ ಮತ್ತು ಒಂದು ಪರದೆ ಕೊಡಿ. ಆಕೆ ಹೇಳಿದ್ದು ಚಿಕಿತ್ಸೆಗಲ್ಲದೆ ಬೇರಾವುದಕ್ಕೂ ಬಳಕೆಯಾಗದು ಎಂದು ನಮೂನೆಯ ಮೇಲೆಯೇ ಅಚ್ಚು ಹಾಕಿಸಿ. ಹೊಗೆಯಿಲ್ಲದ ಉತ್ಪನ್ನಗಳ ಪೊಟ್ಟಣದ ಮೇಲೂ ಗರ್ಭಿಣಿಯರಿಗೆ ನಿಕೋಟಿನ್‌ನ ಎಚ್ಚರಿಕೆ ಎದ್ದು ಕಾಣುವಂತೆ ಮಾಡಲು ಸಂಬಂಧಪಟ್ಟವರಿಗೆ ತಾವೇ ಬರೆಯಬೇಕು. ನನ್ನಂಥವಳು ಬರೆದರೆ ಅದು ಕಡತ ಸೇರುತ್ತದೆ.

ಹೊಸ ನಮೂನೆ ಅಚ್ಚಾಗಿ ಬರಲು ಸಮಯ ಹಿಡಿಯುತ್ತದೆ ಎಂಬುದನ್ನು ನಾನು ಬಲ್ಲೆ. ಅಲ್ಲಿಯವರೆಗೆ ಈಗಿನ ಹಾಳೆಯ ಅಂಚಿನಲ್ಲಿ ಈ ವಿವರಗಳನ್ನು ನಾವೇ ಕೈಯಲ್ಲಿ ಬರೆದುಕೊಳ್ಳುತ್ತೇವೆ. ಅಧಿಕೃತ ದಾಖಲೆಯ ಮೇಲೆ ಹೆಚ್ಚಿನದೇನನ್ನೂ ಬರೆಯಬಾರದೆಂಬ ಆದೇಶವಿರುವುದರಿಂದ, ಅದಕ್ಕೆ ತಮ್ಮ ಲಿಖಿತ ಅನುಮತಿಯನ್ನು ಕೋರುತ್ತೇನೆ.

ಇತಿ, ತಮ್ಮ ವಿಶ್ವಾಸಿ,
ಗರ್ಭಿಣಿಯರ ತಪಾಸಣಾ ವಿಭಾಗದ ಒಬ್ಬ ಶುಶ್ರೂಷಕಿ